ಮನೆಮಗಳು ಕೇಳಿದ ಹಲ್ಲು

ನನ್ನ ಎಂ.ಡಿ.ಎಸ್. ಪ್ರಬಂಧದ ಮೊದಲ ಪುಟದಲ್ಲಿ ನಾನು ಕಾಕಾಗೆ ಕೃತಜ್ಞತೆ ಸಲ್ಲಿಸಿದ್ದೇನೆ. ಅಪ್ಪ ಅಮ್ಮನಿಗಿಂತ ಮೊದಲು, ಗೈಡ್ ಸರ್‌ಗಿಂತಲೂ ಮೊದಲು. ರಟ್ಟು ಕಟ್ಟಿಸಿ ಬಂಗಾರದ ಬಣ್ಣದ ಅಕ್ಷರ ಒತ್ತಿಸಿದ ಆ ಪುಸ್ತಕ ಕಲಬುರಗಿಯ ಕಾಲೇಜಿನ ಲೈಬ್ರರಿಯಲ್ಲಿ ಇಂದಿಗೂ ಇರಬೇಕು. ಹಲ್ಲಿನ ಒಳಪದರದ ಮೇಲೆ ಹೊಸ ಬಗೆಯ ಫಿಲ್ಲಿಂಗ್ ಎಷ್ಟು ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ ಎಂಬುದು ಅದರ ವಿಷಯ. ಯಾರೂ ಓದುವುದಿಲ್ಲ, ಆ ಮಾತು ಬೇರೆ. ಆದರೆ ಕೃತಜ್ಞತೆಯ ಆ ಸಾಲುಗಳು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕಮಲಾಪುರದಲ್ಲಿ ಹಲ್ಲಿನ ಡಾಕ್ಟರು. ಡಿಗ್ರಿ ಇರಲಿಲ್ಲ. ಹೈದರಾಬಾದಿನಲ್ಲಿ ಹಳೆಯ ಕಾಲದ ಒಬ್ಬ ಡಾಕ್ಟರರ ಕೈಕೆಳಗೆ ಕಲಿತು, ಅನುಭವದ ಮೇಲೆ ರಿಜಿಸ್ಟರ್ ಆದವರು. ಆಗ ಅದು ನಡೆಯುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಒಂದು ಎತ್ತರದ ಕುರ್ಚಿ, ಉಗುಳಲು ಒಂದು ಬೋಗುಣಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಕ್ಕಳ. ಹಿಂದಿನ ಅಡುಗೆಮನೆಗೂ ಆ ಕೋಣೆಗೂ ನಡುವೆ ಒಂದು ಪರದೆ ಮಾತ್ರ. ಎಂಬತ್ತರ ದಶಕದಲ್ಲಿ ನನ್ನ ಶಾಲೆಯ ರಜೆಗಳೆಲ್ಲ ಆ ಪರದೆಯ ಅಂಚು ಹಿಡಿದು ಇಣುಕುವುದರಲ್ಲೇ ಕಳೆದವು. ಹಲ್ಲು ಕಿತ್ತದ್ದೇ ಗೊತ್ತಾಗಲಿಲ್ಲ ಎಂದು ಜನ ಹೊಗಳುವಾಗ ನಾನು ಉಬ್ಬಿ ಹೋಗುತ್ತಿದ್ದೆ. ನಾನೂ ಡಾಕ್ಟರಾಗಬೇಕು, ಅದೂ ಹಲ್ಲಿನ ಡಾಕ್ಟರೇ ಆಗಬೇಕು ಎಂದು ಹಟ ಹಿಡಿದದ್ದು ಅವರನ್ನು ನೋಡಿಯೇ.

ಕಾಕಾಗೂ ಅವರ ಹೆಂಡತಿ ಕಾಕುಗೂ ಮಕ್ಕಳಿರಲಿಲ್ಲ. ಹಾಗಾಗಿ ನಾನೇ ಅವರ ಮಗಳು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಕಾಕು ನನ್ನನ್ನು ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ, ಯಾವಾಗಲೂ ಬಾಳಾ, ಅಂದರೆ ಮಗು, ಎಂದೇ. ಅವಳಿಗೆ ಒಂದು ನೇಮವಿತ್ತು. ಮನೆಮಗಳು ಬಾಯಿಬಿಟ್ಟು ಏನಾದರೂ ಕೇಳಿದರೆ ಇಲ್ಲ ಅನ್ನಬಾರದು. ಇಲ್ಲ ಅಂದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಅವಳು ಖರೆಯೇ ನಂಬಿದ್ದಳು. ನಾನು ಒಂದು ಸಲ ಸುಮ್ಮನೆ ಅವಳ ಇಳಕಲ್ ಸೀರೆ ಚಂದ ಇದೆ ಅಂದದ್ದಕ್ಕೆ, ಹೊರಡುವಾಗ ಅದು ನನ್ನ ಚೀಲದಲ್ಲಿತ್ತು. ಬೇಡವೆಂದು ಜಗಳ ಮಾಡಿದೆ. ಕೇಳಲಿಲ್ಲ. ಆಮೇಲೆ ಆ ಮನೆಯಲ್ಲಿ ಏನನ್ನಾದರೂ ಹೊಗಳುವ ಮುಂಚೆ ನಾನು ಎರಡು ಸಲ ಯೋಚಿಸುತ್ತಿದ್ದೆ.

ಕಾಕುವಿನ ಹಲ್ಲು ನೋಡುವಂತಿದ್ದವು. ಇದ್ದಿಲು ಪುಡಿಗೆ ಉಪ್ಪು ಬೆರೆಸಿ, ತೋರುಬೆರಳಿನಿಂದ ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದಳು. ಒಂದೂ ಹುಳುಕಿಲ್ಲ. ಆದರೆ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ವಸಡಿನ ಹತ್ತಿರ, ಹಲ್ಲಿನ ಕುತ್ತಿಗೆಯಲ್ಲಿ, ಬಾವಿಯ ಕಲ್ಲಿಗೆ ಹಗ್ಗ ಉಜ್ಜಿ ಬಿದ್ದ ಗೆರೆಯಂತೆ ಸವೆದಿತ್ತು. ಮೇಲಿನ ಎಡಗಡೆಯ ದವಡೆಹಲ್ಲಿನಲ್ಲಿ ಆ ಗೆರೆ ಎಲ್ಲಕ್ಕಿಂತ ಆಳ. ತಣ್ಣೀರು ತಾಗಿದರೆ ಸಾಕು, ಕಣ್ಣು ಗಟ್ಟಿಯಾಗಿ ಮುಚ್ಚಿ ಗೋಡೆ ಹಿಡಿಯುತ್ತಿದ್ದಳು. ಬೇಸಿಗೆಯಲ್ಲಿ ಮಂದಿಯೆಲ್ಲ ಮಣ್ಣಿನ ಕೊಡದ ನೀರು ಗಟಗಟ ಕುಡಿದರೆ, ಅವಳು ಮಾತ್ರ ಒಲೆಯ ಮೇಲಿನ ನೀರು ಬೆರೆಸಿಕೊಂಡು, ತಲೆಯನ್ನು ಬಲಕ್ಕೆ ವಾಲಿಸಿ ಕುಡಿಯಬೇಕಿತ್ತು.

ಕಾಕಾನ ವೈದ್ಯದಲ್ಲಿ ಅದಕ್ಕೆ ಒಂದೇ ದಾರಿ. ತೆಗೆಸಿಕೋ ಎನ್ನುತ್ತಿದ್ದರು. ಕಾಕು ಒಪ್ಪುತ್ತಿರಲಿಲ್ಲ. ಗಂಡನ ಇಕ್ಕಳಕ್ಕೆ ಊರೆಲ್ಲ ಬಾಯಿ ತೆರೆದರೂ ಅವಳು ಮಾತ್ರ ತೆರೆಯಲಿಲ್ಲ. "ಹಲ್ಲ ಚಲೋ ಅದಾವ, ಯಾಕ ತಗಸ್ಲಿ? ನೀರ ಬಿಸಿ ಮಾಡಕೊಂಡ ಕುಡದ್ರಾತು," ಎನ್ನುತ್ತಿದ್ದಳು. ಅವಳ ಈ ಹಟ ನನಗೆ ಭಾಳ ಹಿಡಿಸುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನಾನು ಕಲಬುರಗಿಯಲ್ಲಿ ಬಿ.ಡಿ.ಎಸ್. ಮುಗಿಸಿ ಎಂ.ಡಿ.ಎಸ್.ಗೆ ಸೇರಿದಾಗ, ಕುಸನೂರಿನ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಆಗ ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ನಮ್ಮ ಕಡೆ ಹೊಸದು. ಜನಕ್ಕೆ ಗೊತ್ತಿದ್ದದ್ದು ಚಾಂದಿ, ಅಂದರೆ ಬೆಳ್ಳಿ ಬಣ್ಣದ ಲೋಹ, ತುಂಬುವುದು. ಚಾಂದಿಗೆ ಅಂಟು ಬೇಡ. ಹಲ್ಲು ಕೊರೆದು, ಒಳಗೆ ಅಗಲ ಬಾಯಿ ಕಿರಿದು ಮಾಡಿ ಗಿಡಿದರೆ ತಾನೇ ಸಿಕ್ಕಿಕೊಂಡು ಕೂತಿರುತ್ತದೆ. ಕಾಕುವಿನ ಹಲ್ಲಿನಂಥ ಸವೆದ ಗೆರೆಯಲ್ಲಿ ಚಾಂದಿ ನಿಲ್ಲುವುದಿಲ್ಲ. ಅಲ್ಲಿ ಫಿಲ್ಲಿಂಗ್ ನಿಲ್ಲಬೇಕಾದರೆ ಬರೀ ಅಂಟಿನ ಬಲದಿಂದಲೇ ನಿಲ್ಲಬೇಕು.

ಈ ಅಂಟಿನ ವಿಷಯವೇ ಗೋಜಲು. ಹಲ್ಲಿನ ಮೇಲ್ಪದರ ಎನಾಮಲ್ ಕಲ್ಲಿನಂಥದು, ಒಣದು. ಆಸಿಡ್ ಹಚ್ಚಿ ತೊಳೆದರೆ ಒರಟಾಗುತ್ತದೆ, ಅಂಟು ಕಚ್ಚಿಕೊಳ್ಳುತ್ತದೆ. ಒಳಗಿನ ಡೆಂಟಿನ್ ಹಾಗಲ್ಲ. ಅದು ಪಸೆಯ ಪದಾರ್ಥ, ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು. ಆಸಿಡ್ ಹಚ್ಚಿದರೆ ಸುಣ್ಣದಂಶ ಕರಗಿ ಎಳೆಗಳ ಒಂದು ಜಾಲರಿ ಉಳಿಯುತ್ತದೆ. ಅಂಟು ಆ ಎಳೆಗಳ ನಡುವೆ ಇಳಿದು ಗಟ್ಟಿಯಾಗಬೇಕು. ಪೂರ್ತಿ ಒಣಗಿಸಿದಿರೋ, ತೊಯ್ದ ಹತ್ತಿ ಒಣಗಿ ಮುದುಡಿದ ಹಾಗೆ ಎಳೆಗಳು ಮುದುಡಿ ಬೀಳುತ್ತವೆ, ಅಂಟಿಗೆ ಒಳಗೆ ಹೋಗಲು ಜಾಗವಿಲ್ಲ. ನೀರು ಹೆಚ್ಚಾದರೂ ಕೆಟ್ಟಿತು. ನಮ್ಮ ಗೈಡ್ ಸರ್ ಹಳಬರು. ಬಾಯಲ್ಲಿ ಏನೇ ಮಾಡುವ ಮುಂಚೆ ಖಟಖಟ ಒಣಗಿಸು ಎಂದು ಜೀವನವಿಡೀ ಕಲಿಸಿದವರು. ಪಸೆ ಇರಲಿ ಎನ್ನುವ ಹೊಸ ಮಾತು ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಒಣ ಹಲ್ಲು, ಪಸೆ ಹಲ್ಲು ಎರಡರ ಮೇಲೂ ಅಂಟಿಸಿ ನೋಡು, ಯಾವುದು ನಿಲ್ಲುತ್ತದೋ ಅದನ್ನೇ ಬರೆ ಎಂದರು. ಅದೇ ನನ್ನ ಪ್ರಬಂಧವಾಯಿತು.

ಈ ಸುದ್ದಿ ಹೇಳಲು ಕಮಲಾಪುರಕ್ಕೆ ಹೋದೆ. ಕೊರೆಯದೆ, ಕೀಳದೆ, ಗೆರೆ ತುಂಬಿ ತಣ್ಣೀರು ತಾಗದ ಹಾಗೆ ಮಾಡಬಹುದು ಎಂದಾಗ ಕಾಕುವಿನ ಮುಖ ಅರಳಿತು.

"ಖರೇ ನಿಲ್ತದೇನು ಬಾಳಾ?"

"ಗೊತ್ತಿಲ್ಲ ಕಾಕು. ಅದನ್ನ ನೋಡಾಕತ್ತೀನಿ. ನನಗ ಖಾತ್ರಿ ಆಗೂತನಕ ನಿನ್ನ ಬಾಯಾಗ ಹಾಕಂಗಿಲ್ಲ. ಖಾತ್ರಿ ಆದ ದಿನ ನಿಂದೇ ಮೊದಲು."

ಕಾಕಾ ಬಾಗಿಲಲ್ಲಿ ನಿಂತು ನಕ್ಕರು. "ಡಿಂಕ ಹಚ್ಚಿ ಹಲ್ಲ ಉಳಸ್ತಾಳಂತ. ಲಗ್ನಪತ್ರಿಕಿ ಏನದು, ಅಂಟಸ್ಲಿಕ್ಕೆ?"

ಅಂಟಿಗೆ ನಮ್ಮ ಮನೆಯಲ್ಲಿ ಡಿಂಕ ಎನ್ನುತ್ತಿದ್ದರು. ನಾನೂ ನಕ್ಕೆ. ಆಗ ಅವರ ಯಾವ ಮಾತಿಗೂ ನನಗೆ ಸಿಟ್ಟು ಬರುತ್ತಿರಲಿಲ್ಲ.

ಪರೀಕ್ಷೆಗೆ ಹಲ್ಲು ಬೇಕು. ಕಿತ್ತ ಹಲ್ಲು, ಆದರೆ ಹುಳುಕಿರಬಾರದು, ಬಿರುಕಿರಬಾರದು, ಮೇಲ್ಭಾಗ ಸರಿಯಾಗಿರಬೇಕು. ಕಾಲೇಜಿನಲ್ಲಿ ದಿನಾ ಹಲ್ಲು ಕೀಳುತ್ತಿದ್ದರೂ ಅವೆಲ್ಲ ಕೊಳೆತು ಹೋದವು. ಒಳ್ಳೆಯ ಹಲ್ಲು ಬಂದರೆ ನನಗಿಂತ ಸೀನಿಯರ್ ಯಾರೋ ಹಾರಿಸಿಕೊಂಡು ಹೋಗುತ್ತಿದ್ದರು. ನನ್ನ ಪರದಾಟ ಕೇಳಿ ಕಾಕಾ, "ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ? ಬಾಟ್ಲಿ ಇಟ್ಟ ಹೋಗು," ಎಂದರು. ಉಪ್ಪುನೀರು ತುಂಬಿದ ಬಾಟಲಿ ಇಟ್ಟು ಬಂದೆ. ಆಮೇಲೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಾಟಲಿ ಬರತೊಡಗಿತು. ಮುತ್ತಿನಂಥ ಹಲ್ಲುಗಳು. ಗೈಡ್ ಸರ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಇಂಥವು ಎಲ್ಲಿ ಸಿಗುತ್ತವಮ್ಮಾ ನಿನಗೆ ಎಂದು ಬೆರಗಾದರು. ನಮ್ಮ ಕಾಕಾ ಎಂದೆ ಹೆಮ್ಮೆಯಿಂದ.

ಕೇಳಲೇ ಇಲ್ಲವೇ ಎಂದರೆ, ಕೇಳಿದ್ದೆ. ಯಾರ ಹಲ್ಲು ಇವು ಎಂದು ಪ್ರತಿ ಸಲ ಕೇಳಿದ್ದೆ. ವಸಡು ಸಡಿಲಾದ ಮುದುಕರವು, ಅಲುಗಾಡುತ್ತಿದ್ದವು, ಕೈಯಿಂದ ಎಳೆದರೆ ಬಂದವು ಎನ್ನುತ್ತಿದ್ದರು. ಅಂಥ ಹಲ್ಲಿನ ಬೇರಿಗೆ ತುದಿತನಕ ಕಿಟ್ಟ ಕಟ್ಟಿರುತ್ತದೆ. ಗಟ್ಟಿ ಹಲ್ಲನ್ನು ಜಗ್ಗಿ ಕಿತ್ತರೆ ಬೇರಿಗೆ ನಾರು ಹರಿದು ಅಂಟಿಕೊಂಡಿರುತ್ತದೆ. ನೋಡಿದರೆ ಮೊದಲ ವರ್ಷದ ಹುಡುಗರಿಗೂ ತಿಳಿಯುತ್ತದೆ. ಆದರೆ ಕಾಕಾ ಕಳಿಸುತ್ತಿದ್ದ ಹಲ್ಲುಗಳ ಬೇರು ನುಣ್ಣಗೆ ಕೆರೆದಿರುತ್ತಿತ್ತು. "ನಿನಗ್ಯಾಕ ತ್ರಾಸು ಅಂತ ನಾನ ಕೆರದ ಕೊಟ್ಟೀನಿ," ಎಂದಿದ್ದರು. ನನ್ನ ಕೆಲಸ ಹಗುರ ಮಾಡುತ್ತಿದ್ದಾರೆ ಎಂದುಕೊಂಡೆ. ಈ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ನನಗಾಗಿ ಕೂತು ಕೆರೆಯುತ್ತಾರಲ್ಲ ಎಂದು ಕಣ್ಣು ತೇವವಾಗಿತ್ತು ಕೂಡ. ಕಣ್ಣಿಗೆ ಮಣ್ಣೆರಚುವುದನ್ನು ಇಷ್ಟು ಪ್ರೀತಿಯಿಂದಲೂ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಕಲಬುರಗಿಯ ಬೇಸಿಗೆಯಲ್ಲಿ ಆ ಕೆಲಸ ಮಾಡಿದೆ. ಹಲ್ಲಿನ ಮೇಲ್ಭಾಗ ಉಜ್ಜಿ ಡೆಂಟಿನ್ ತೆರೆಯಬೇಕು, ನೀಲಿ ಬಣ್ಣದ ಆಸಿಡ್ ಹಚ್ಚಿ ತೊಳೆಯಬೇಕು, ಒದ್ದೆ ಹತ್ತಿಯಿಂದ ಒತ್ತಿ ತೆಳ್ಳಗೆ ಹೊಳೆಯುವಷ್ಟು ಪಸೆ ಉಳಿಸಬೇಕು. ಆ ಸೆಕೆಗೆ, ಅಂಟಿನ ಬಾಟಲಿ ಎತ್ತಿಕೊಳ್ಳುವಷ್ಟರಲ್ಲಿ ಪಸೆ ಆರಿರುತ್ತಿತ್ತು. ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಬೆವರು ಸುರಿಸುತ್ತ ಅಂಟಿಸಿದೆ. ಅಂಟನ್ನು ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವಾಗಲೇ ಕರೆಂಟು ಹೋಗಿ ಎಷ್ಟೋ ಹಲ್ಲು ಹಾಳಾದವು. ಕಮ್ಮಿ ಬಿದ್ದಾವ ಕಾಕಾ, ಇನ್ನೊಂದಿಷ್ಟು ಬೇಕು ಎಂದು ಫೋನಿನಲ್ಲಿ ಹೇಳಿದೆ. ಕೊನೆಯ ಬಾಟಲಿ ಬಂತು. ಅದರಲ್ಲಿ ಕೆಲವು ಹಲ್ಲುಗಳ ಕುತ್ತಿಗೆ ಇದ್ದಿಲು ತಿಕ್ಕಿ ಸವೆದಿತ್ತು. ಕಮಲಾಪುರದಲ್ಲಿ ಅರ್ಧ ಹೆಂಗಸರು ಇದ್ದಿಲು ತಿಕ್ಕುವವರೇ. ನನ್ನ ಕೆಲಸ ಹಲ್ಲಿನ ತಲೆಯ ಮೇಲೆ, ಕುತ್ತಿಗೆ ಹೇಗಿದ್ದರೇನು ಎಂದು ಗೈಡ್ ಸರ್ ಒಪ್ಪಿದರು.

ಎಂಜಿನಿಯರಿಂಗ್ ಕಾಲೇಜಿನ ಯಂತ್ರದಲ್ಲಿ ಒಂದೊಂದನ್ನೇ ಸಿಕ್ಕಿಸಿ, ಅಂಟಿಸಿದ ರೆಸಿನ್ ಕಿತ್ತು ಬರುವ ತನಕ ಒತ್ತಿದೆವು. ಖಟಖಟ ಒಣಗಿಸಿದ ಹಲ್ಲಿನ ಮೇಲಿಂದ ಅದು ಮುಟ್ಟಿದರೆ ಬೀಳುವಂತೆ ಬಿತ್ತು. ಪಸೆ ಉಳಿಸಿದ್ದರ ಮೇಲೆ ಮಾತ್ರ ಕಚ್ಚಿಕೊಂಡು ನಿಂತಿತು. ಕೆಲವು ಕಡೆ ಅಂಟು ಬಿಡದೆ, ಡೆಂಟಿನ್ನಿನ ತೆಳು ಚೂರೇ ಹರಿದು ಬಂತು. ಗೈಡ್ ಸರ್ ಭೂತಗನ್ನಡಿ ಹಿಡಿದು ನೋಡಿ, ಇಷ್ಟು ವರ್ಷ ತಪ್ಪು ಕಲಿಸಿದೆನಲ್ಲಮ್ಮಾ ಎಂದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಒಂದೇ, ಇನ್ನು ಕಾಕುಗೆ ಹಚ್ಚಬಹುದು.

ಪ್ರಬಂಧ ಒಪ್ಪಿಸಿ, ಎಂ.ಡಿ.ಎಸ್. ಪರೀಕ್ಷೆಗಳೂ ಮುಗಿದ ಮೇಲೆ ಆಸಿಡ್ಡು, ಅಂಟು, ರೆಸಿನ್ನು, ನೀಲಿ ದೀಪ ಎಲ್ಲ ಚೀಲಕ್ಕೆ ತುಂಬಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಎಷ್ಟೋ ತಿಂಗಳ ಮೇಲೆ ಹೋಗಿದ್ದು. ಕಾಕು ಅಡುಗೆಮನೆಯಲ್ಲಿ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು ಕೂತಳು. ಒಂದು ಲೋಟ ತಣ್ಣೀರನ್ನು ಪಕ್ಕಕ್ಕೆ ಇಟ್ಟುಕೊಂಡಿದ್ದೆ, ಮುಗಿದ ಮೇಲೆ ಕುಡಿಸಿ ನೋಡಬೇಕೆಂದು. ಬಾಯಿ ತೆರೆ ಎಂದೆ. ಕನ್ನಡಿ ಒಳಗಿಟ್ಟು ಮೇಲಿನ ಎಡಗಡೆ ನೋಡಿದೆ. ದವಡೆಹಲ್ಲು ಇರಬೇಕಾದಲ್ಲಿ ಬರೀ ವಸಡು.

"ಕಾಕು, ಇಲ್ಲಿ ಹಲ್ಲೆಲ್ಲಿ?"

ಕಾಕು ನಕ್ಕಳು. "ಏನ ಕೇಳ್ತಿ ಬಾಳಾ? ನೀನ ಒಯ್ದೀಯಲ್ಲ. ಕಾಲೇಜಿಗಿ ಬೇಕು, ಹುಡುಗಿ ನಿನ್ನ ಹಲ್ಲ ಕೇಳ್ಯಾಳ ಅಂದ್ರು ಇವರು. ನೀ ಬಾಯಿಬಿಟ್ಟ ಕೇಳಿದ ಮ್ಯಾಲ ನಾ ಇಲ್ಲಂತೀನೇನು? ಭಾಳ ಗಟ್ಟಿ ಇತ್ತು ನೋಡು, ಕೀಳೂದ್ರಾಗ ಇವರ ಬೆವತ ಹೋದ್ರು." ಹಾಗೆಯೇ ಕೇಳಿದಳು, "ನನ್ನ ಹಲ್ಲಿನ ಮ್ಯಾಲ ನಿನ್ನ ಡಿಂಕ ಚಲೋ ನಿಂತಿತ್ತಿಲ್ಲೋ?"

ಕೊನೆಯ ಬಾಟಲಿಯಲ್ಲಿದ್ದ ಕುತ್ತಿಗೆ ಸವೆದ ಹಲ್ಲುಗಳು ಕಣ್ಣ ಮುಂದೆ ಬಂದವು. ಅದರಲ್ಲಿ ಯಾವುದು ಅವಳದೋ ನನಗೆ ಗೊತ್ತಿಲ್ಲ. ಒಣಗಿಸಿದ ಗುಂಪಿನದೋ, ಪಸೆ ಉಳಿಸಿದ ಗುಂಪಿನದೋ, ಕರೆಂಟು ಹೋಗಿ ಕಸಕ್ಕೆ ಎಸೆದವುಗಳಲ್ಲಿ ಒಂದೋ. ಯಾವ ಹಲ್ಲನ್ನು ಉಳಿಸಲು ಇಷ್ಟೆಲ್ಲ ಕಲಿತೆನೋ ಆ ಹಲ್ಲನ್ನೇ ನನ್ನ ಕೈಯಾರೆ ಉಜ್ಜಿ ಮುರಿದಿದ್ದೆ.

"ನಿಂತಿತ್ತು ಕಾಕು," ಎಂದೆ. ಕನ್ನಡಿ ಕೆಳಗಿಟ್ಟು ಪರದೆ ಸರಿಸಿ ಮುಂದಿನ ಕೋಣೆಗೆ ಹೋದೆ. ಕಾಕಾ ಪೇಪರ್ ಓದುತ್ತಿದ್ದರು.

"ಕಾಕಾ, ಕಾಕೂನ ಹಲ್ಲ ನಾ ಯಾವಾಗ ಕೇಳಿದ್ದೆ?"

"ಹಲ್ಲ ಬೇಕು ಅಂದಿದ್ದಿಲ್ಲೇನು?" ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

"ಕಿತ್ತ ಹಲ್ಲ ಕೇಳಿದ್ದೆ. ಕೀಳ್ರಿ ಅಂದಿದ್ದಿಲ್ಲ."

"ನಿನಗ ಹುಳುಕ ಇರಬಾರ್ದು, ಬಿರುಕ ಇರಬಾರ್ದು, ಮುತ್ತಿನಂಥಾವ ಬೇಕು. ಅಂಥಾ ಹಲ್ಲ ತಾವ ಉದರತಾವೇನು? ನೀ ಓದಿದಾಕಿ, ನೀನ ಹೇಳು."

"ಹಂಗಾದ್ರ ಎಲ್ಲಾ ಹಿಂಗ ತಂದವೇನು? ಮುದುಕರವು ಅಂದ್ರಿ. ಅಲಗಾಡ್ತಿದ್ದವು ಅಂದ್ರಿ."

"ನೋವಂತ ಬಂದವರವೇ. ಒಂದ ತಗೀಬೇಕಾದಲ್ಲಿ ಬಾಜೂದ್ದೂ ಒಂದ ತಗದೀನಿ. ಕಳವು ಮಾಡಿಲ್ಲ, ಕೇಳೇ ತಗದೀನಿ. ಊರಮಗಳು ಕೇಳ್ಯಾಳ, ಆಕಿ ಓದಿಗಿ ಬೇಕು ಅಂದ್ರ ಯಾರ ಇಲ್ಲಂತಾರ? ನನಗ ಡಿಗ್ರಿ ಇಲ್ಲ ಅಂತ ಜೀವನಪೂರ್ತಿ ಅನ್ನಿಸ್ಕೊಂಡೀನಿ. ನಿನಗ ಬಂತಲ್ಲ. ಒಂದೊಂದ ಹಲ್ಲ ಹೋದ್ರ ಯಾರೂ ಸಾಯಂಗಿಲ್ಲ."

ನಾನು ಬಾಯಿಗೆ ಬಂದಂತೆ ಅಂದೆ. ಹಿಂದೆಂದೂ ಅವರಿಗೆ ಎದುರಾಡಿದವಳಲ್ಲ. ಹೆಂಡತಿ ವರ್ಷಾನುಗಟ್ಟಲೆ ನಿಮಗೆ ಕೊಡದಿದ್ದ ಹಲ್ಲನ್ನು ನನ್ನ ಹೆಸರು ಹೇಳಿ ಕಿತ್ತಿರಿ, ನಾಚಿಕೆಯಾಗಲಿಲ್ಲವೇ ಎಂದೆ. ಬೇರು ಕೆರೆದು ಕಳಿಸುತ್ತಿದ್ದದ್ದು ನನ್ನ ತ್ರಾಸು ತಪ್ಪಿಸಲಿಕ್ಕಲ್ಲ, ನನಗೆ ತಿಳಿಯಬಾರದೆಂದು ಎಂದೆ. ಆ ಮಾತಿಗೆ ಮಾತ್ರ ಅವರು ಪೇಪರ್ ಮಡಚಿದರು.

ಅಡುಗೆಮನೆಗೆ ಮರಳಿ ಬಂದೆ. ಕಾಕು ಕುರ್ಚಿಯಲ್ಲೇ ಇದ್ದಳು. ಪರದೆಯ ಆಚೆ ಆಡಿದ ಮಾತು ಒಂದೂ ಬಿಡದೆ ಕೇಳಿಸಿತ್ತು ಎನ್ನುವುದು ಅವಳ ಮುಖದಲ್ಲೇ ಇತ್ತು. ನಾನು ಅವಳ ಮುಂದೆ ಕೂತೆ.

"ಕಾಕು, ನಾ ಕೇಳಿದ್ದಿಲ್ಲ. ನಿನ್ನಾಣೆ."

ಕಾಕು ಸೀರೆಯ ಸೆರಗನ್ನು ಮಡಿಲಲ್ಲಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಪರದೆಯ ಆಚೆಗೂ ಕೇಳುವ ದನಿಯಲ್ಲಿ ಅಂದಳು, "ಕೇಳಿದ್ದಿ ಬಾಳಾ. ನಿನಗ ನೆನಪಿಲ್ಲ. ಈಗ ಅವರ ಮ್ಯಾಲ ಹಾಕಬ್ಯಾಡ."

ಕಾಕಾ ಮಾಡಿದ್ದಕ್ಕಿಂತ ಇದರಿಂದ ನನಗೆ ಹೆಚ್ಚು ನೋವಾಯಿತು, ಹೇಳಿಯೇಬಿಡುತ್ತೇನೆ. ಅವಳ ಕಷ್ಟ ಅರ್ಥವಾಗದಷ್ಟು ಸಣ್ಣವಳಲ್ಲ ನಾನು. ಸಂಜೆಯ ಬಸ್ಸಿಗೆ ನಾನು ಹೋಗುವವಳು, ಅವಳು ಅದೇ ಮನೆಯಲ್ಲಿ ಅದೇ ಮನುಷ್ಯನಿಗೆ ಊಟ ಬಡಿಸಬೇಕು. ಪ್ರೀತಿಯಿಂದ ಮಗಳಿಗೆ ಕೊಟ್ಟೆ ಎಂದುಕೊಂಡರೆ ಆ ಖಾಲಿ ಜಾಗದ ಜೊತೆ ಬದುಕಬಹುದು, ಗಂಡ ಮೋಸ ಮಾಡಿ ಕಿತ್ತ ಎಂದುಕೊಂಡರೆ ಆಗುವುದಿಲ್ಲ. ಎಲ್ಲ ಅರ್ಥವಾಗುತ್ತದೆ. ಆದರೂ ಇಬ್ಬರಲ್ಲಿ ಒಬ್ಬರನ್ನು ಸುಳ್ಳಾಗಿಸಬೇಕಾಗಿ ಬಂದಾಗ ಅವಳು ನನ್ನನ್ನು ಆರಿಸಿದಳು.

ಪಕ್ಕದ ಹಲ್ಲಿನಲ್ಲೂ ಒಂದು ಗೆರೆ ಇತ್ತು. ಅದನ್ನು ತುಂಬಿದೆ. ಆಸಿಡ್ ತೊಳೆದು, ಹತ್ತಿ ಒತ್ತಿ, ಪಸೆ ನೋಡಿ, ಅಂಟು ಹಚ್ಚಿ, ದೀಪ ಹಿಡಿದೆ. ಕೈ ತನ್ನ ಕೆಲಸ ತಾನು ಮಾಡಿತು. ಸಂಜೆ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ನನ್ನ ಗುರುತು ಹಿಡಿದು, "ಡಾಕ್ಟರಮ್ಮಾರ, ನಂದೂ ಒಂದ ಒಯ್ದೀರಿ ನೀವು," ಎಂದು ಕೆನ್ನೆಯನ್ನು ಬೆರಳಿನಿಂದ ಎಳೆದು ತೋರಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಭಿಮಾನವಿತ್ತು. ಬೇಡವೆಂದರೂ ಕೇಳದೆ ಹಣ್ಣಿನ ಒಂದು ಚಿಪ್ಪನ್ನು ನನ್ನ ಚೀಲಕ್ಕೆ ತುರುಕಿದಳು. ನಾನು ಕೇಳಿರಲಿಲ್ಲ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಕಾಕುಗೆ ಹೇಳಿಯೇ ಏನಾಯಿತೆಂದು ನೋಡಿದ್ದೆ.

ಕೆಲವು ವರ್ಷಗಳ ಮೇಲೆ ಕಲಬುರಗಿಯಲ್ಲಿ, ಜಗತ್ ಸರ್ಕಲ್ ಹತ್ತಿರದ ಕಲ್ಯಾಣ ಮಂಟಪದಲ್ಲಿ ನಮ್ಮ ಬಳಗದ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಸೋದರತ್ತೆ, ಹೊಸ ಬೀಗರಿಗೆ ನನ್ನನ್ನು ತೋರಿಸಿದಳು. "ಈಕಿ ನಮ್ಮ ಡಾಕ್ಟರು ನೋಡ್ರಿ. ಕಾಕೂನ ಹಲ್ಲ ಕೀಳಿಸಿ ದೊಡ್ಡ ಡಾಕ್ಟರ್ ಆದಾಕಿ." ಪಂಕ್ತಿಯೆಲ್ಲ ನಕ್ಕಿತು. ಆ ಮಾತು ನಮ್ಮ ಮನೆಗಳಲ್ಲಿ ಆಗಲೇ ಹಳೆಯದಾಗಿತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕು, "ಕೇಳಿದ್ದ ಕೊಡಲಿಕ್ಕೇ ಬೇಕಲ್ರಿ, ಮನಿಮಗಳು," ಎಂದರು.

ಅವರ ಪಕ್ಕದಲ್ಲಿ ಕಾಕು ಕೂತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳೊಬ್ಬಳಿಗಾದರೂ ಗೊತ್ತು, ಒಂದು ಸಲ ಕಣ್ಣಲ್ಲಾದರೂ ಹೇಳಲಿ ಎಂದು ನೋಡುತ್ತಲೇ ಇದ್ದೆ. ಕಾಕು ಎಲೆಯಿಂದ ತಲೆ ಎತ್ತಲಿಲ್ಲ.